ತಿಥಿ ಊಟ ಮುಗಿದ ಮೇಲೆ ಊರು ಮಾಡಬೇಕಾದ ಕೆಲಸ

ಸಾವಾದ ಮನೆಯ ಮೊದಲ ಹದಿಮೂರು ದಿನ ಹೇಗೆ ನಡೆಸಬೇಕು ಅಂತ ಹಾಸನ, ಚಿಕ್ಕಮಗಳೂರು ಕಡೆಯ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸೌದೆ ಹೊಂದಿಸುವವರು, ನೆಂಟರಿಗೆ ಸುದ್ದಿ ಮುಟ್ಟಿಸುವವರು, ಒಲೆ ಹಚ್ಚದ ಮನೆಗೆ ಅನ್ನ ಸಾರು ತರುವವರು ತಾವಾಗಿಯೇ ಬರುತ್ತಾರೆ. ಗುಡ್ಡ ಕುಸಿದೋ ಗಾಡಿ ಮಗುಚಿಯೋ ಒಂದೇ ದಿನ ನಾಲ್ಕೈದು ಮನೆಗೆ ಸಾವು ಬಂದಾಗಲೂ ಹಾಲು-ತುಪ್ಪ, ತಿಥಿ ಎಲ್ಲ ನಡೆದುಹೋಗುತ್ತವೆ. ಊರು ಸೋಲುವುದು ಹದಿನಾಲ್ಕನೇ ದಿನದಿಂದ. ಶಾಮಿಯಾನ ಬಿಚ್ಚಿ, ನೆಂಟರು ಬಸ್ಸು ಹತ್ತಿದ ಮೇಲೆ ಆ ಮನೆಗಳತ್ತ ಹೆಜ್ಜೆ ಕಡಿಮೆಯಾಗುತ್ತದೆ. ಇಲ್ಲಿರುವುದು ಅಲ್ಲಿಂದ ಮುಂದಿನ ಒಂದು ವರ್ಷದ ಕೆಲಸ.

ಮೊದಲು ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಮನೆಗೆ ನಾಲ್ಕು ಪುಟ ಬಿಡಿ. ಉಳಿದವರು ಯಾರು, ಬಿಪಿ ಸಕ್ಕರೆ ಮಾತ್ರೆ ಯಾರಿಗೆ, ಶಾಲೆಗೆ ಹೋಗುವ ಮಕ್ಕಳೆಷ್ಟು, ಹಾಲು ಕೊಡುವ ಹಸು ಎಷ್ಟು, ಸೊಸೈಟಿ ಸಾಲದ ಕಂತು ಯಾವಾಗ, ಕಾಫಿ ಹಣ್ಣು ಕೊಯ್ಲಿಗೆ ಬರುವುದು ಯಾವಾಗ, ಎಲ್ಲ ಬರೆಯಿರಿ. ತೋಟದ ಲೈನ್ ಮನೆಗಳನ್ನೂ ಸೇರಿಸಿ. ಹೊರಗಿನಿಂದ ಬಂದ ಕೂಲಿಯವರ ರೇಷನ್ ಕಾರ್ಡ್, ಬಂಧುಬಳಗ ಎರಡೂ ಬೇರೆ ಊರಲ್ಲಿರುವುದರಿಂದ ಪಟ್ಟಿಯಿಂದ ಮೊದಲು ಜಾರುವುದು ಅವರ ಹೆಸರೇ. ಪ್ರತಿ ಮನೆಗೂ ಇಬ್ಬರನ್ನು ಗೊತ್ತುಮಾಡಿ: ಪಕ್ಕದ ಮನೆಯ ಒಬ್ಬ ಹೆಂಗಸು, ನೆಂಟರಲ್ಲದ ಇನ್ನೊಬ್ಬರು.

ಮೊದಲ ವಾರ ಆರು ಮನೆಯ ಸಾರು ಬಂದು ಹಳಸುತ್ತದೆ, ಮೂರನೇ ವಾರ ಯಾರೂ ಇರುವುದಿಲ್ಲ. ಹಾಗಾಗದಂತೆ ವಾರಕ್ಕೆ ಎರಡು ದಿನ ಎಂದು ಸರದಿ ಹಾಕಿ, ಮೂರು ತಿಂಗಳು ನಡೆಸಿ. ಊಟಕ್ಕಿಂತ ಕೆಲಸ ದೊಡ್ಡದು. ಹಾಲು ಕರೆದು ಡೈರಿಗೆ ಹಾಕುವುದು, ಕಳೆ ತೆಗೆಯುವುದು, ಹಣ್ಣು ಕೊಯ್ಯುವುದು ಮುಯ್ಯಾಳಿನಂತೆ ನಡೆಯಲಿ, ಆದರೆ ಮುಯ್ಯಿ ತೀರಿಸುವ ಲೆಕ್ಕ ಬೇಡ.

ಕಾಗದಪತ್ರಕ್ಕೆ ತಾಲ್ಲೂಕು ಕಚೇರಿ ಓಡಾಟ ಗೊತ್ತಿರುವ ಒಬ್ಬರನ್ನು ಬಿಡಿ. ಮರಣ ನೋಂದಣಿ 21 ದಿನದೊಳಗೆ ಆಗಲಿ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತದೆ. ಪ್ರಮಾಣಪತ್ರದ ಹತ್ತು ಪ್ರತಿ, ಎಫ್‌ಐಆರ್ ಪ್ರತಿ, ಪೋಸ್ಟ್‌ಮಾರ್ಟಂ ವರದಿ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ನಾಡಕಚೇರಿಯಿಂದ ವಂಶವೃಕ್ಷ, ಆಮೇಲೆ ಫೌತಿ ಖಾತೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಪ್ರಕೃತಿ ವಿಕೋಪದಲ್ಲಿ ಸತ್ತವರ ವಾರಸುದಾರರಿಗೆ ವಿಪತ್ತು ಪರಿಹಾರ ನಿಧಿಯಿಂದ 4 ಲಕ್ಷ ರೂಪಾಯಿ ಇದೆ. ಅರ್ಜಿ ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು ಹೆಸರಿನಲ್ಲಿ: ಆಧಾರ್‌ನಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು. ಮೊದಲೇ ತಾಳೆ ನೋಡಿ. ಸೊಸೆಗೆಷ್ಟು, ಅತ್ತೆ ಮಾವನಿಗೆಷ್ಟು ಅನ್ನುವುದನ್ನು ದುಡ್ಡು ಬರುವ ಮುಂಚೆ, ಅವಳ ತವರಿನವರ ಎದುರಿಗೇ ತೀರ್ಮಾನಿಸಿ.

ಮಾತಿನ ವಿಷಯದಲ್ಲಿ ಎಚ್ಚರ ಇರಲಿ. ‘ಹೇಗಾಯ್ತು, ಹೇಳಿ’ ಎಂದು ಬಂದವರೆಲ್ಲ ಕೇಳಿದರೆ ಆ ಮನೆಯವರು ದಿನಕ್ಕೆ ಹತ್ತು ಸಲ ಅದನ್ನೇ ಮತ್ತೆ ಅನುಭವಿಸಬೇಕು. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಇಲ್ಲದಿದ್ದರೆ ಸುಮ್ಮನೆ ಜೊತೆಗೆ ಕೂತು ಅವರೆಕಾಯಿ ಸುಲಿಯಿರಿ. ಮಕ್ಕಳಿಗೆ ‘ಅಪ್ಪ ಮಲಗಿದ್ದಾರೆ’ ಅನ್ನಬೇಡಿ, ಮಗು ತಾನು ಮಲಗುವುದಕ್ಕೇ ಹೆದರುತ್ತದೆ. ‘ಅಪ್ಪ ಸತ್ತುಹೋದರು, ಇನ್ನು ಬರುವುದಿಲ್ಲ’ ಎಂದೇ ಹೇಳಿ. ‘ನಾನೂ ಹೋಗಿಬಿಟ್ಟಿದ್ದರೆ ಚೆನ್ನಾಗಿತ್ತು’ ಎಂಬ ಮಾತು ಬಂದರೆ ಹಗುರಾಗಿ ತೆಗೆದುಕೊಳ್ಳಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ, ತೋಟಕ್ಕೆ ಹೊಡೆಯುವ ಔಷಧಿಯನ್ನೆಲ್ಲ ಆ ದಿನವೇ ಬೇರೆ ಮನೆಗೆ ಸಾಗಿಸಿ ಬೀಗ ಹಾಕಿ, ಟೆಲಿ ಮಾನಸ್‌ನ 14416ಕ್ಕೆ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ಫೋನ್ ಮಾಡಿ. ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ.

ನೆನಪಿನ ಕಲ್ಲನ್ನು ಆರು ತಿಂಗಳು ಕಳೆಯುವ ಮುಂಚೆ ಕೂರಿಸಬೇಡಿ. ಬೇಗ ಹಾಕಿದ್ದು ಫ್ಲೆಕ್ಸ್ ಆಗುತ್ತದೆ, ಫ್ಲೆಕ್ಸಿಗೆ ಮುಖಂಡರ ಫೋಟೋ ಬರುತ್ತದೆ, ಸತ್ತವರ ಮುಖ ಮೂಲೆ ಸೇರುತ್ತದೆ. ನಮ್ಮ ಕಡೆ ಕೆರೆ ಏರಿಯಲ್ಲಿ, ಊರ ಮುಂದೆ ಎಷ್ಟು ವೀರಗಲ್ಲುಗಳಿವೆ ನೋಡಿ. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ಸತ್ತ ವೀರನನ್ನು ಮೇಲಕ್ಕೆ ಒಯ್ಯುವುದು, ತುದಿಯಲ್ಲಿ ಲಿಂಗದ ಸನ್ನಿಧಿ. ನಿಲ್ಲಿಸಿದವರ ವೈಭವ ಅಲ್ಲೆಲ್ಲೂ ಎದ್ದು ಕಾಣುವುದಿಲ್ಲ. ನಿಮ್ಮ ಕಲ್ಲಿನಲ್ಲೂ ದಾನಿಗಳ ಹೆಸರು ಬೇಡ. ಕುಸಿದ ಜಾಗದಲ್ಲೇ ನಿಲ್ಲಿಸುವುದೂ ಬೇಡ, ಆ ಮಣ್ಣು ಮತ್ತೆ ಜಾರಬಹುದು. ದಿನವೂ ಜನ ಹಾದುಹೋಗುವ ಜಾಗ ನೋಡಿ.

ಹೊಯ್ಸಳರ ಬಳಪದ ಕಲ್ಲು ಕೆತ್ತಲು ಮೆದು, ನಿಜ. ಆದರೆ ಸಣ್ಣ ಅಕ್ಷರ ಮಲೆನಾಡಿನ ಮಳೆಗೆ ಬಯಲಲ್ಲಿ ನಿಲ್ಲಬೇಕಾದರೆ ಗ್ರಾನೈಟ್ ವಾಸಿ. ಬಣ್ಣ ಬಳಿದ ಅಕ್ಷರ ಉಳಿಯುವುದಿಲ್ಲ, ಮೂರು ನಾಲ್ಕು ಮಿಲಿಮೀಟರ್ ಆಳಕ್ಕೆ ಕೊರೆಸಿ. ಆರು ಅಡಿ ಕಲ್ಲಾದರೆ ಎರಡು ಅಡಿ ನೆಲದೊಳಗಿರಲಿ, ಬುಡದಲ್ಲಿ ನೀರು ನಿಲ್ಲದಂತೆ ಜಲ್ಲಿ ತುಂಬಿ. ಕೊರೆಯುವ ಮುಂಚೆ ಹೆಸರುಗಳನ್ನು ಅಷ್ಟೇ ದೊಡ್ಡದಾಗಿ ಹಳೆ ಪೇಪರಿನ ಮೇಲೆ ಬರೆದು, ಮನೆಮನೆಗೆ ಒಯ್ದು, ಅವರ ಬಾಯಲ್ಲೇ ಓದಿಸಿ. ಮನೆಯಲ್ಲಿ ಕರೆಯುತ್ತಿದ್ದ ಹೆಸರೂ ಬೇಕು ಎನ್ನುವವರಿದ್ದಾರೆ, ಒತ್ತು ದೀರ್ಘ ತಪ್ಪಿರುವುದೂ ಅಲ್ಲೇ ಗೊತ್ತಾಗುತ್ತದೆ. ಯಾವುದಾದರೂ ಮನೆಯವರು ಹೆಸರು ಬೇಡವೆಂದರೆ ಒತ್ತಾಯ ಬೇಡ. ಎರಡು ಸಾಲು ಜಾಗ ಖಾಲಿ ಬಿಡಿ. ಮುಂದೆಂದೋ ಅವರೇ ಕೇಳಿಕೊಂಡು ಬರಬಹುದು.

ವರ್ಷದ ದಿನಕ್ಕೆ ಒಂದು ತೊಡಕಿದೆ. ಮನೆಯವರು ಪಂಚಾಂಗದ ತಿಥಿ ನೋಡುತ್ತಾರೆ, ಊರು ಕ್ಯಾಲೆಂಡರ್ ನೋಡುತ್ತದೆ. ಎರಡರ ನಡುವೆ ಹತ್ತು ಹನ್ನೊಂದು ದಿನ, ಅಧಿಕ ಮಾಸ ಬಂದರೆ ಇನ್ನೂ ಹೆಚ್ಚು ಅಂತರ ಬೀಳುತ್ತದೆ. ಎಡೆ ಇಡುವುದು ಮನೆಯವರ ತಿಥಿಗೆ ಇರಲಿ. ಊರು ಸೇರುವುದು ತಾರೀಖಿಗೆ, ಬೆಳಿಗ್ಗೆ, ಅರ್ಧ ಗಂಟೆ: ಹೆಸರು ಓದಿ, ಹೂವಿಟ್ಟು, ಕಾಫಿ ಕುಡಿದು ಹೊರಡಿ. ಭಾಷಣ ಬೇಡ. ಮುಸ್ಲಿಂ, ಕ್ರೈಸ್ತ ಮನೆಗಳಿದ್ದರೆ ಅವರ ಹಿರಿಯರನ್ನು ಕೇಳಿಯೇ ಕ್ರಮ ಗೊತ್ತುಮಾಡಿ.

ಮಳೆಯ ದುರಂತವಾದರೆ ತಾರೀಖಿಗಿಂತ ಮುಂಚೆ ಮಳೆಯೇ ನೆನಪು ತರುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಕುಸಿದದ್ದು ಆಶ್ಲೇಷ ಮಳೆಯ ದಿನಗಳಲ್ಲಿ. ಆ ಮಳೆ ಪ್ರತಿ ವರ್ಷ ಬರುತ್ತದೆ. ಹೆಂಚಿನ ಮೇಲೆ ಸದ್ದು ಜೋರಾದರೆ ಮಕ್ಕಳು ಎದ್ದು ಕೂರುತ್ತಾರೆ. ಮಳೆ ಹಿಡಿದ ಮೊದಲ ಕೆಲವು ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದ ಆ ಇಬ್ಬರಲ್ಲಿ ಒಬ್ಬರು ಆ ಮನೆಯಲ್ಲೇ ಮಲಗಲಿ. ಬ್ಯಾಟರಿ ಚಾರ್ಜ್ ಆಗಿರಲಿ, ಜಾಗ ಬಿಡಬೇಕಾಗಿ ಬಂದರೆ ಯಾರ ಮನೆಗೆ ಹೋಗುವುದು ಎಂದು ಮಕ್ಕಳಿಗೂ ಮೊದಲೇ ಹೇಳಿಡಿ.