ಗಟ್ಟಿಂಗ್ ಮಾಡಿಸುವ ಮುನ್ನ: ಟೆನಿಸ್ ರಾಕೆಟ್ಟಿಗೆ ಸರಿಯಾದ ಗಟ್ ಆರಿಸುವುದು ಹೇಗೆ?

ಪುಣೆಯ ಟೆನಿಸ್ ಕೋರ್ಟುಗಳ ಪಕ್ಕದ ಬೆಂಚಿನಲ್ಲಿ ಕನ್ನಡ ಕೇಳಿಸುವುದು ಹೊಸದೇನಲ್ಲ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯಿಂದ ಬಂದು ನೆಲೆಸಿದವರ ಮಕ್ಕಳು ಬಾಲೇವಾಡಿ, ಕೋಥ್ರೂಡ್, ಔಂಧ್ ಕಡೆ ಆಡುತ್ತಾರೆ. ಅಲ್ಲಿ ಅಪ್ಪಂದಿರ ಬಾಯಲ್ಲಿ ಬರುವ ಮಾತು ಒಂದಿದೆ: "ನಡಾಲ್ ಹಾಕ್ತಿದ್ದ ಗಟ್ಟ ಹಾಕಿಸೇವ್ರಿ. ಆದ್ರೂ ಹುಡುಗ ಮೊಣಕೈ ನೋಯ್ತೈತಿ ಅಂತಾನ." ಆ ಗಟ್ಟೇ, ಅಂದರೆ ರಾಕೆಟ್ಟಿಗೆ ಹೆಣೆದ ಎಳೆಗಳೇ, ನೋವಿಗೆ ಕಾರಣ ಇರಬಹುದು ಅಂತ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ರಾಕೆಟ್ಟಿಗೆ ಸಾವಿರಾರು ರೂಪಾಯಿ ಸುರಿದು, ಗಟ್ಟಿಂಗ್ (ಗಟ್ ಹೆಣೆಸುವುದು) ಮಾತ್ರ ಅಂಗಡಿಯವನು ಹೇಳಿದ ಹಾಗೆ ಮಾಡಿಸುತ್ತೇವೆ.

ಹಾಗಾಗಿ ಮೊದಲು ಗಟ್ ಏನು ಮಾಡುತ್ತದೆ ಅಂತ ತಿಳಿಯೋಣ. ಇದೊಂದು ಅರ್ಥವಾದರೆ ಮುಂದಿನದು ಸುಲಭ.

ಬಡಿತದ ಆ ಗಳಿಗೆ

ಚೆಂಡು ಗಟ್ಟಿನ ಮೇಲೆ ಇರುವುದು ಒಂದು ಸೆಕೆಂಡಿನ ಸಾವಿರದಲ್ಲಿ 4–5 ಭಾಗ ಮಾತ್ರ. ಅಷ್ಟರಲ್ಲಿ ಚೆಂಡು ಚಪ್ಪಟೆಯಾಗುತ್ತದೆ, ಗಟ್ ಹಿಂದಕ್ಕೆ ಹಿಗ್ಗುತ್ತದೆ, ಆಮೇಲೆ ಎರಡೂ ಮೊದಲಿನ ಆಕಾರಕ್ಕೆ ಬರುತ್ತವೆ. ಇವೆರಡರಲ್ಲಿ ಶಕ್ತಿಯನ್ನು ಪೋಲು ಮಾಡುವುದು ಚೆಂಡು. ನಿಯಮದ ಪ್ರಕಾರ 254 ಸೆಂಟಿಮೀಟರ್ ಎತ್ತರದಿಂದ ಬಿಟ್ಟ ಚೆಂಡು 135ರಿಂದ 147 ಸೆಂಟಿಮೀಟರ್ ಪುಟಿದರೆ ಸಾಕು. ಅಂದರೆ ಅರ್ಧಕ್ಕೆ ಸ್ವಲ್ಪ ಕಡಿಮೆ ಶಕ್ತಿ ಅಲ್ಲೇ ಹೋಯಿತು. ಗಟ್ ಹಾಗಲ್ಲ, ಪಡೆದದ್ದರಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಜಾಸ್ತಿ ವಾಪಸ್ ಕೊಡುತ್ತದೆ.

ಸಡಿಲ ಗಟ್ಟಿನಲ್ಲಿ 'ಪವರ್' ಜಾಸ್ತಿ ಅನ್ನುವುದು ಇದಕ್ಕೇ. ಗಟ್ ಸಡಿಲವಿದ್ದರೆ ಅದೇ ಹೆಚ್ಚು ಹಿಗ್ಗುತ್ತದೆ, ಚೆಂಡು ಅಷ್ಟು ಚಪ್ಪಟೆಯಾಗುವುದಿಲ್ಲ, ಪೋಲೂ ಕಡಿಮೆ. ಆದರೆ ನಿಜ ಹೇಳಬೇಕೆಂದರೆ ವೇಗದ ಈ ವ್ಯತ್ಯಾಸ ತೀರಾ ಸಣ್ಣದು. ಆಡುವವರಿಗೆ ಗೊತ್ತಾಗುವುದು ಬೇರೆ: ಚೆಂಡು ಎಲ್ಲಿ ಬೀಳುತ್ತದೆ ಅನ್ನುವುದು. ಸಡಿಲ ಗಟ್ಟಿನ ಮೇಲೆ ಚೆಂಡು ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಅಷ್ಟರಲ್ಲಿ ರಾಕೆಟ್ ಮೇಲಕ್ಕೆ ಸಾಗಿರುತ್ತದೆ. ಹಾಗಾಗಿ ಚೆಂಡು ಎತ್ತರದ ಕೋನದಲ್ಲಿ ಹೊರಟು ಬೇಸ್‌ಲೈನಿನ (ಕೋರ್ಟಿನ ಕೊನೆಯ ಗೆರೆಯ) ಹತ್ತಿರವೋ ಆಚೆಗೋ ಬೀಳುತ್ತದೆ. ಬಿಗಿ ಗಟ್ಟಿನಲ್ಲಿ ಚೆಂಡು ಬೇಗ ಹೊರಟು ತಗ್ಗಿನಲ್ಲಿ ಹೋಗುತ್ತದೆ. 'ಕಂಟ್ರೋಲ್' ಅನ್ನುವುದರಲ್ಲಿ ಮುಖ್ಯ ಪಾಲು ಇದೇ.

ಹೆಜ್ಜೆ 1: ರಾಕೆಟ್ ಮೇಲೆ ಬರೆದದ್ದನ್ನು ಓದಿ

ಫ್ರೇಮಿನ ಒಳಬದಿಯಲ್ಲಿ 50–60 ಪೌಂಡ್ ಅಂತ ಏನೋ ಒಂದು ಮಿತಿ ಬರೆದಿರುತ್ತದೆ, ಗಟ್ಟನ್ನು ಎಷ್ಟು ಬಿಗಿಯಾಗಿ ಎಳೆಯಬಹುದು ಅನ್ನುವ ಲೆಕ್ಕ ಅದು. ಪಕ್ಕದಲ್ಲೇ 16x19 ಅಥವಾ 18x20 ಅಂತ ಇರುತ್ತದೆ. ಮೊದಲನೆಯದು ಉದ್ದದ ಎಳೆಗಳ ಲೆಕ್ಕ, ಇವಕ್ಕೆ ಮೇನ್ಸ್ ಅನ್ನುತ್ತಾರೆ. ಎರಡನೆಯದು ಅಡ್ಡ ಎಳೆಗಳದ್ದು, ಕ್ರಾಸ್. ಎಳೆ ಕಡಿಮೆ ಇದ್ದರೆ ಸ್ಪಿನ್ ಸುಲಭ, ಗಟ್ ಬೇಗ ಹರಿಯುತ್ತದೆ.

ಹೆಜ್ಜೆ 2: ಗಟ್ ಯಾವುದು?

ನ್ಯಾಚುರಲ್ ಗಟ್ ಅಂದರೆ ಹಸುವಿನ ಕರುಳಿನ ಪದರದಿಂದ ಮಾಡಿದ್ದು. ಫ್ರಾನ್ಸಿನ ಲಿಯಾನ್ ಊರಿನ ಬಾಬೊಲಾ ಕಂಪನಿ 1875ರಿಂದ ಮಾಡುತ್ತಿದೆ. ಇದರಷ್ಟು ಮೆತ್ತಗೆ, ಇದರಷ್ಟು ಚೆನ್ನಾಗಿ ಬಿಗಿ ಉಳಿಸಿಕೊಳ್ಳುವ ಗಟ್ ಇನ್ನೊಂದಿಲ್ಲ. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಮಳೆಯ ತೇವವೂ ಇದಕ್ಕೆ ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆ, ಮುಂಬೈ, ಗೋವಾದಲ್ಲಿ ಹಾಕಿಸುವುದು ಸುಮ್ನೆ ದುಡ್ಡು ದಂಡ.

ಸಿಂಥೆಟಿಕ್ ಗಟ್ ಅಂದರೆ ನೈಲಾನ್. ಅಗ್ಗ, ಯಾವ ತಕರಾರೂ ಇಲ್ಲ. ಕಲಿಯುವವರಿಗೆ ಇಷ್ಟು ಸಾಕು. ನೂರಾರು ಸಣ್ಣ ನೈಲಾನ್ ನೂಲುಗಳನ್ನು ಸೇರಿಸಿ ಮಾಡಿದ್ದು ಮಲ್ಟಿಫಿಲಮೆಂಟ್. ಕೈಗೆ ಹಿತ, ನಲವತ್ತು ದಾಟಿದವರಿಗೆ ನಾನು ಹೇಳುವುದು ಇದನ್ನೇ.

ಇನ್ನು ಪಾಲಿಯೆಸ್ಟರ್. ನಡಾಲ್ ಹಾಕುತ್ತಿದ್ದದ್ದು ಇದೇ, ಎಲ್ಲರಿಗೂ ಬೇಕಾದದ್ದು ಇದೇ, ಕೈ ನೋವು ತರುವುದೂ ಹೆಚ್ಚಾಗಿ ಇದೇ. 1997ರಲ್ಲಿ 66ನೇ ರ‍್ಯಾಂಕಿನ ಗುಸ್ತಾವೊ ಕುರ್ಟೆನ್ ಲಕ್ಸಿಲಾನ್ ಕಂಪನಿಯ ಪಾಲಿ (ಪಾಲಿಯೆಸ್ಟರ್ ಗಟ್) ಹಾಕಿಸಿಕೊಂಡು ಫ್ರೆಂಚ್ ಓಪನ್ ಗೆದ್ದ ಮೇಲೆ ಇದರ ಗಾಳಿ ಬೀಸಿತು. ಇದರ ಗುಟ್ಟು ನುಣುಪು. ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿ ಹೊಡೆದಾಗ ಮೇನ್ಸ್ ಎಳೆಗಳು ಕ್ರಾಸ್ ಮೇಲೆ ಪಕ್ಕಕ್ಕೆ ಜಾರುತ್ತವೆ. ಚೆಂಡು ಇನ್ನೂ ಗಟ್ಟಿನ ಮೇಲೆ ಇರುವಾಗಲೇ ಚಕ್ಕನೆ ಜಾಗಕ್ಕೆ ಮರಳುತ್ತವೆ. ಆ ಮರಳುವಿಕೆಯೇ ಚೆಂಡಿಗೆ ಹೆಚ್ಚಿನ ಸ್ಪಿನ್ ಕೊಡುತ್ತದೆ. ಇದೇ ತತ್ವವನ್ನು ಅತಿಗೆ ಒಯ್ದ 'ಸ್ಪಗೆಟಿ' ರಾಕೆಟ್ 1977ರಲ್ಲಿ ಬಂದಿತ್ತು. ಅದಕ್ಕೆ ಎರಡು ಪದರದ ಗಟ್. ಅದನ್ನು ಹಿಡಿದ ರೊಮೇನಿಯಾದ ಆಟಗಾರ ನಸ್ತಾಸೆ ಎದುರು ಕ್ಲೇ (ಮಣ್ಣಿನ) ಕೋರ್ಟಿನ ರಾಜ ವಿಲಾಸ್ ಫೈನಲ್ ಪಂದ್ಯವನ್ನೇ ಅರ್ಧಕ್ಕೆ ಬಿಟ್ಟು ನಡೆದರು. ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್ ಬೇಗನೇ ಅದನ್ನು ನಿಷೇಧಿಸಿತು.

ಆದರೆ ಪಾಲಿ ಬಿರುಸು. ಜೋರಾಗಿ ಬೀಸುವ ತೋಳಿಗೆ ಮಾತ್ರ ಅದು ಹಿಗ್ಗುತ್ತದೆ. ಹನ್ನೆರಡು ವರ್ಷದ ಹುಡುಗ ಹೊಡೆದರೆ ಹಿಗ್ಗದೆ, ಪೆಟ್ಟು ಮೊಣಕೈಗೆ ವಾಪಸ್ ಬರುತ್ತದೆ. ಮಕ್ಕಳಿಗೆ ಪೂರ್ತಿ ಪಾಲಿ ಬೇಡ. ತಿಂಗಳಲ್ಲಿ ಎರಡು ಮೂರು ಸಲ ನೈಲಾನ್ ಹರಿಯುವಷ್ಟು ಜೋರಾಗಿ ಆಡತೊಡಗಿದ ಮೇಲೆ ನೋಡೋಣ. ಆಗಲೂ ಮೇನ್ಸ್ ಒಂದು ಥರ, ಕ್ರಾಸ್ ಇನ್ನೊಂದು ಥರ ಹಾಕಿಸಿ ಶುರು ಮಾಡಬಹುದು. ಫೆಡರರ್ ಮಾಡುತ್ತಿದ್ದದ್ದೂ ಅದೇ, ಮೇನ್ಸ್‌ಗೆ ನ್ಯಾಚುರಲ್ ಗಟ್, ಕ್ರಾಸ್‌ಗೆ ಪಾಲಿ.

ದಪ್ಪದ ವಿಷಯ ಚುಟುಕಾಗಿ: 1.30 ಮಿಲಿಮೀಟರ್ ಬಾಳಿಕೆಗೆ, 1.25 ಸ್ಪರ್ಶಕ್ಕೆ.

ಹೆಜ್ಜೆ 3: ಎಷ್ಟು ಪೌಂಡ್?

ಫ್ರೇಮಿನಲ್ಲಿ ಬರೆದ ಮಿತಿಯ ನಡುವಿನ ಅಂಕಿಯಿಂದ ಶುರು ಮಾಡಿ. 50–60 ಇದ್ದರೆ 55. ಪಾಲಿ ಆದರೆ ಅದಕ್ಕಿಂತ ಸುಮಾರು 10 ಶೇಕಡ ಕಡಿಮೆ, ಅಂದರೆ 50ರ ಆಸುಪಾಸು. ಚೆಂಡು ಆಚೆ ಹೋಗುತ್ತಿದ್ದರೆ ಮುಂದಿನ ಸಲ 2 ಪೌಂಡ್ ಏರಿಸಿ. ನೆಟ್ಟಿಗೆ ಬೀಳುತ್ತಿದ್ದರೆ, ಕೈ ಭಾರ ಅನಿಸಿದರೆ 2 ಪೌಂಡ್ ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಗಟ್ಟನ್ನೂ ಅಂಕಿಯನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಹೇಗೆ ಗೊತ್ತಾಗಬೇಕು?

ಬೇರೆಯವರ ಅಂಕಿ ನಿಮಗೆ ಬೇಡ. ಬ್ಯೋರ್ನ್ ಬೋರ್ಗ್ 80 ಪೌಂಡಿನ ಹತ್ತಿರ ಬಿಗಿ ಮಾಡಿಸುತ್ತಿದ್ದರು ಅಂತ ಹೇಳುವವರಿದ್ದಾರೆ, ಅದು ನಿಜವೇ. ಆದರೆ ಅವರದು ಸಣ್ಣ ಮುಖದ ಮರದ ರಾಕೆಟ್, ಆ ತೋಳೂ ನಮ್ಮದಲ್ಲ.

ಇನ್ನೊಂದು ವಿಷಯ. ಗಟ್ ಎಳೆಯುವ ಯಂತ್ರದ ಮೇಲೆ 55 ಅಂತ ಇಟ್ಟ ಮಾತ್ರಕ್ಕೆ ರಾಕೆಟ್ಟಿನಲ್ಲಿ 55 ಇರುವುದಿಲ್ಲ. ಕೈಯಿಂದ ತಿರುಗಿಸುವ ಯಂತ್ರ ಆ ಅಂಕಿ ಮುಟ್ಟಿದ ಕೂಡಲೇ ಎಳೆಯುವುದನ್ನು ನಿಲ್ಲಿಸುತ್ತದೆ. ಅಷ್ಟರಲ್ಲಿ ಗಟ್ ಹಿಗ್ಗಿ ಬಿಗಿ ಇಳಿದಿರುತ್ತದೆ. ಎಲೆಕ್ಟ್ರಾನಿಕ್ ಯಂತ್ರ ಎಳೆಯುತ್ತಲೇ ಇರುತ್ತದೆ. ಹಾಗಾಗಿ ಒಂದೇ ಅಂಕಿಗೆ ಎರಡು ಅಂಗಡಿಗಳಲ್ಲಿ ಎರಡು ಥರದ ರಾಕೆಟ್ ಸಿಗುತ್ತದೆ. ಒಳ್ಳೆಯ ಕೈ ಸಿಕ್ಕರೆ ಅಂಗಡಿ ಬದಲಿಸಬೇಡಿ. ಗಟ್ಟಿನ ಹೆಸರು, ಅಂಕಿ, ತಾರೀಖು ಬರೆದು ಸಣ್ಣ ಚೀಟಿಯನ್ನು ಫ್ರೇಮಿನ ಒಳಗೆ ಅಂಟಿಸಿಕೊಳ್ಳಿ.

ಊರೂ ಲೆಕ್ಕಕ್ಕೆ ಬರುತ್ತದೆ. ಮುಂಬೈ ಸಮುದ್ರದ ಮಟ್ಟದಲ್ಲಿದೆ, ಪುಣೆ ಸುಮಾರು 560 ಮೀಟರ್ ಎತ್ತರ, ಬೆಂಗಳೂರು 900ರ ಹತ್ತಿರ. ಮೇಲೆ ಹೋದಂತೆ ಗಾಳಿ ತೆಳು, ಚೆಂಡು ದೂರ ಹಾರುತ್ತದೆ. ಮಗಳನ್ನು ಕಬ್ಬನ್ ಪಾರ್ಕಿನ ಟೂರ್ನಿಗೆ ಕರೆದೊಯ್ಯುವುದಾದರೆ ಒಂದೆರಡು ಪೌಂಡ್ ಬಿಗಿ ಮಾಡಿಸಿ.

ಹೆಜ್ಜೆ 4: ಹರಿಯುವವರೆಗೆ ಕಾಯಬೇಡಿ

ಹೊಸ ನವಾರಿನ ಮಂಚ ಒಂದು ರಾತ್ರಿ ಮಲಗಿದರೆ ಜೋಲುತ್ತದೆ, ಅಲ್ವಾ? ಗಟ್ಟೂ ಹಾಗೇ. ಯಂತ್ರದಿಂದ ಇಳಿದ ಗಳಿಗೆಯಿಂದಲೇ ಬಿಗಿ ಇಳಿಯುತ್ತದೆ, ಮೊದಲ ದಿನ ಹೆಚ್ಚು, ಆಮೇಲೆ ನಿಧಾನ. ಆಡದೆ ಗೋಡೆಗೆ ತೂಗುಹಾಕಿದರೂ ಇಳಿಯುತ್ತದೆ. ಇದರಲ್ಲಿ ಪಾಲಿ ಎಲ್ಲಕ್ಕಿಂತ ಕೆಟ್ಟದು. ಅದು ಹರಿಯುವುದಿಲ್ಲ ಅಂತ ಖುಷಿಪಟ್ಟು ಆರು ತಿಂಗಳು ಆಡುವವರನ್ನು ನೋಡಿದ್ದೇನೆ. ಸಾಮಾನ್ಯವಾಗಿ 15–20 ಗಂಟೆ ಆಟಕ್ಕೆ ಅದರ ಜೀವ ಮುಗಿದಿರುತ್ತದೆ.

ಕಂಡುಹಿಡಿಯುವುದು ಸುಲಭ. ಪಾಲಿಯ ಮೇನ್ಸ್ ಎಳೆಗಳು ಹೊಡೆದ ಮೇಲೆ ಜಾಗಕ್ಕೆ ಬಾರದೆ ಪಕ್ಕದಲ್ಲೇ ನಿಂತರೆ ಮುಗಿಯಿತು. ಎಳೆಗಳು ಒಂದನ್ನೊಂದು ದಾಟುವಲ್ಲಿ ಆಳದ ಗಾಯ ಬಿದ್ದಿರುತ್ತದೆ. ಅಂಗೈಯಿಂದ ತಟ್ಟಿ ಸದ್ದು ಕೇಳಿ: ಬಿಗಿ ಇದ್ದಾಗ ಎತ್ತರದ ಸ್ವರ, ಸಡಿಲಾದಾಗ ತಗ್ಗಿನದು. ಈ ಸದ್ದನ್ನು ಅಳೆಯುವ ಫೋನ್ ಆ್ಯಪ್‌ಗಳೂ ಇವೆ. ಎಳೆಗಳ ನಡುವೆ ಸಿಕ್ಕಿಸುವ ಪುಟ್ಟ ರಬ್ಬರ್ ಡ್ಯಾಂಪನರ್ ಇದ್ದರೆ ತೆಗೆದು ತಟ್ಟಿ. ಅಂದ ಹಾಗೆ, ಆ ರಬ್ಬರ್ ತುಂಡು ಬದಲಿಸುವುದು ಸದ್ದನ್ನು ಮಾತ್ರ. ಮೊಣಕೈಗೆ ಅದರಿಂದ ಏನೂ ಉಪಕಾರವಿಲ್ಲ.

ಹಳೆಯ ಲೆಕ್ಕ ಒಂದಿದೆ: ವಾರಕ್ಕೆ ಎಷ್ಟು ದಿನ ಆಡುತ್ತೀರೋ ವರ್ಷಕ್ಕೆ ಅಷ್ಟು ಸಲ ಗಟ್ಟಿಂಗ್. ನೈಲಾನಿಗೆ ಇದು ಸರಿ, ಪಾಲಿಗೆ ಸಾಲದು.

ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ರಾಕೆಟ್ ಬಿಡಬೇಡಿ. ಆ ಕಾವಿಗೆ ಗಟ್ ಬೇಗ ಸಡಿಲಾಗುತ್ತದೆ. ಮಳೆಗಾಲದಲ್ಲಿ ಒದ್ದೆ ಚೆಂಡಿನಿಂದ ಆಡಿದ ದಿನ ಗಟ್ಟನ್ನು ಬಟ್ಟೆಯಲ್ಲಿ ಒರೆಸಿ ಇಡಿ.

ಕೊನೆಗೆ, ಆಡುವಾಗ ಒಂದು ಎಳೆ ಹರಿದರೆ ಏನು ಮಾಡಬೇಕು? ಉಳಿದ ಎಳೆಗಳು ಫ್ರೇಮನ್ನು ಒಂದೇ ಕಡೆ ಜಗ್ಗುತ್ತಾ ಇರುತ್ತವೆ, ಹಾಗೇ ಬಿಟ್ಟರೆ ಆಕಾರ ಕೆಡಬಹುದು. ಅಂಗಡಿಗೆ ಹೋಗುವುದು ಶನಿವಾರವಾದರೂ ಕತ್ತರಿ ಇವತ್ತೇ ಹಾಕಿ. ಮುಖದ ನಡುವಿನಿಂದ ಶುರು ಮಾಡಿ, ಮೇನ್ಸ್ ಒಂದು, ಕ್ರಾಸ್ ಒಂದು ಅಂತ ಎರಡನ್ನೂ ಸರದಿಯಂತೆ ಕತ್ತರಿಸುತ್ತಾ ಅಂಚಿನ ಕಡೆ ಹೋಗಿ. ಗಟ್ ತೆಗೆದ ಮೇಲೆ ತೂತುಗಳಲ್ಲಿರುವ ಪ್ಲಾಸ್ಟಿಕ್ ಗ್ರೊಮೆಟ್‌ಗಳನ್ನು ಬೆರಳಾಡಿಸಿ ನೋಡಿ. ಒಂದೆರಡು ಸೀಳಿದ್ದರೆ ಹೊಸ ಗಟ್ ಎಳೆಯುವ ಮೊದಲೇ ಬದಲಿಸಲು ಅಂಗಡಿಯವರಿಗೆ ಹೇಳಿ.