ದನದ ತೊಟ್ಟಿಯ ಬಳಿ ಸಿಕ್ಕ ಪ್ರಾಜೆಕ್ಟ್

ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅಂತಿಮ ವರ್ಷದ ಪ್ರಾಜೆಕ್ಟ್ ವಿಷಯವನ್ನು ನಾನು ತರಗತಿಯಲ್ಲಿ ಕೊಡುವುದಿಲ್ಲ. ಆರನೇ ಸೆಮಿಸ್ಟರ್ ಮುಗಿಯುತ್ತಿದ್ದಂತೆ ಹಳ್ಳಿಗೆ ಕರೆದೊಯ್ಯುತ್ತೇನೆ, ಅದೂ ಕೊಳವೆಬಾವಿಗಳು ಏದುಸಿರು ಬಿಡುವ ಬಿರುಬೇಸಿಗೆಯಲ್ಲಿ.

ಪಾವಗಡ ತಾಲ್ಲೂಕಿನ ಹಳ್ಳಿಯೊಂದಕ್ಕೆ ಬಂದ ತಂಡ ಫ್ಲೋರೈಡ್ ತೆಗೆಯುವ ಫಿಲ್ಟರ್ ಮಾಡುವ ಹುಮ್ಮಸ್ಸಿನಲ್ಲಿತ್ತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಅಲ್ಲಿನ ಕೊಳವೆಬಾವಿಯಲ್ಲಿ 3 ಇತ್ತು. ಆದರೆ ಊರಿಗೆ ಶುದ್ಧ ನೀರಿನ ಘಟಕ ಆಗಲೇ ಬಂದಿತ್ತು. ನಾಣ್ಯ ಹಾಕಿ ಕ್ಯಾನ್ ತುಂಬಿಸುತ್ತಿದ್ದ ಹಿರಿಯ ಹೆಂಗಸೊಬ್ಬರು, "ನಮಗೇನೋ ಇದಿದೆಯಪ್ಪ, ದನಗಳು ಏನು ಕುಡಿಯಬೇಕು?" ಎಂದರು. ಹಿಂದೆ ಹೋಗಿ ನೋಡಿದರೆ, ಘಟಕ ಹೊರಹಾಕುವ ನೀರು ಪೈಪಿನಿಂದ ನೇರವಾಗಿ ದನದ ತೊಟ್ಟಿಗೆ ಬೀಳುತ್ತಿತ್ತು.

ಘಟಕದಲ್ಲಿ ನೀರು ಸೋಸುವ ಆರ್‌ಒ (ರಿವರ್ಸ್ ಆಸ್ಮೋಸಿಸ್) ಪೊರೆ ಫ್ಲೋರೈಡನ್ನು ಇಲ್ಲವಾಗಿಸುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೆ. ಅರ್ಧ ನೀರು ಶುದ್ಧವಾಗಿ ಬಂದರೆ ಉಳಿದರ್ಧದಲ್ಲಿ 3 ಇದ್ದದ್ದು ಹತ್ತಿರ ಹತ್ತಿರ 6 ಆಗುತ್ತದೆ. ಪರೀಕ್ಷೆಯಲ್ಲಿ ಬರೆದು ಮರೆತಿದ್ದ ಈ ಲೆಕ್ಕವನ್ನು ವಿದ್ಯಾರ್ಥಿನಿಯೊಬ್ಬಳು ತೊಟ್ಟಿಯ ಕಟ್ಟೆಯ ಮೇಲೆಯೇ ಕುಳಿತು ಮಾಡಿದಳು. ಪಕ್ಕದಲ್ಲಿ ಎಮ್ಮೆಯೊಂದು ಅದೇ ನೀರು ಕುಡಿಯುತ್ತಿತ್ತು. ಆಮೇಲೆ ಫಿಲ್ಟರಿನ ಮಾತು ಯಾರೂ ಎತ್ತಲಿಲ್ಲ.

ಬದಲಿಗೆ ಶಾಲೆಯ ಚಾವಣಿಯ ಮಳೆನೀರನ್ನು ದನಗಳಿಗಾಗಿ ಹಿಡಿದಿಡುವ ಯೋಚನೆ ಬಂತು. ಚಾವಣಿ 100 ಚದರ ಮೀಟರ್. ವರ್ಷಕ್ಕೆ 500 ಮಿ.ಮೀ. ಮಳೆ ಎಂದಿಟ್ಟುಕೊಂಡು, ಐದರಲ್ಲೊಂದು ಪಾಲು ಪೋಲೆಂದು ಕಳೆದರೂ 40,000 ಲೀಟರ್ ಸಿಗುತ್ತದೆ. ಹಸುವೊಂದು ದಿನಕ್ಕೆ 40 ಲೀಟರ್ ಕುಡಿದರೆ ಇದು ಊರಿನ ದನಗಳಿಗೆ ಎಲ್ಲಿ ಸಾಕು? ಕೊಳವೆಬಾವಿಯ ನೀರಿಗೆ ಸಮಪಾಲು ಮಳೆನೀರು ಬೆರೆಸೋಣ ಎಂದು ಹುಡುಗರೇ ಹೇಳಿದರು. ಫ್ಲೋರೈಡ್ 1.5ಕ್ಕೆ ಇಳಿಯಿತು, ನೀರು ಇಮ್ಮಡಿಯಾಯಿತು. ಘಟಕದ ತ್ಯಾಜ್ಯ ನೀರು ಟ್ರ್ಯಾಕ್ಟರ್ ತೊಳೆಯುವ ಬೇರೆ ತೊಟ್ಟಿಗೆ ಹೋಯಿತು.

ಕಷ್ಟವಾದದ್ದು ಊರಿನಲ್ಲಲ್ಲ, ಮೌಲ್ಯಮಾಪನದಲ್ಲಿ. "ಇದರಲ್ಲಿ ಹೊಸತೇನಿದೆ?" ಎಂದು ಕೇಳುತ್ತಾರೆ. ತೊಟ್ಟಿಯನ್ನು ಯಾರು ತೊಳೆಯುತ್ತಾರೆ, ಕೆಟ್ಟ ವಾಲ್ವಿಗೆ ಹಣ ಎಲ್ಲಿಂದ ಎಂದು ಪಂಚಾಯಿತಿಯವರ ಜೊತೆ ಕುಳಿತು ತೀರ್ಮಾನಿಸಿದ್ದಕ್ಕೂ ಅಂಕ ಸಿಗಬೇಕೆಂದು ನಾನು ವಾದಿಸುತ್ತಲೇ ಇದ್ದೇನೆ. ಹಣದ ಚಿಂತೆಯಿರುವ ಅಧ್ಯಾಪಕರಿಗೆ ಒಂದು ಮಾತು: ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದಲೂ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ನೆರವು ಕೊಡುತ್ತಿದೆ, ಅರ್ಜಿ ಹಾಕಿ.

ಈಗಿನ ತಂಡ ಟ್ರ್ಯಾಕ್ಟರ್ ತೊಳೆಯುವ ಜಾಗದ ಮಣ್ಣನ್ನು ಪರೀಕ್ಷಿಸುತ್ತಿದೆ. ಫ್ಲೋರೈಡ್ ಅಲ್ಲೇ ಉಳಿಯುತ್ತಿದೆಯೋ, ಇಂಗಿ ಮತ್ತೆ ಕೊಳವೆಬಾವಿ ಸೇರುತ್ತಿದೆಯೋ ಎಂಬುದು ಅವರ ಪ್ರಶ್ನೆ.