ಅಜ್ಜ-ಅಜ್ಜಿ ಮತ್ತು ಅವರ ಎಲ್ಲ ಮಕ್ಕಳು: ಒಂದು ಜೋಡಿಗೆ ಒಂದು ಹಾಳೆ

ವಂಶವೃಕ್ಷ ಎಂದ ಕೂಡಲೇ ದಾವಣಗೆರೆ, ಚಿತ್ರದುರ್ಗದ ಕಡೆ ನೆನಪಾಗುವುದು ನಾಡಕಚೇರಿ. ಜಮೀನು ಭಾಗ ಆಗಬೇಕು, ಪೌತಿ ಖಾತೆ ಆಗಬೇಕು ಅಂದಾಗ ಅದು ಬೇಕಾಗುತ್ತದೆ. ಅದು ಆಸ್ತಿಗಾಗಿ ಬರೆದ ಪಟ್ಟಿ, ಹಾಗಾಗಿ ಅದರಲ್ಲಿ ವಾರಸುದಾರರಷ್ಟೇ ಇರುತ್ತಾರೆ. ಹೆಸರಿಡುವ ಮೊದಲೇ ಹೋದ ಕೂಸು ಅಲ್ಲಿಲ್ಲ. ಹಳೆಯ ಪಟ್ಟಿಗಳಲ್ಲಿ ಕೊಟ್ಟ ಹೆಣ್ಣುಮಕ್ಕಳ ಹೆಸರೂ ಎಷ್ಟೋ ಕಡೆ ಇರುವುದಿಲ್ಲ. ಅಜ್ಜಿ ಒಂಬತ್ತು ಹೆತ್ತಿದ್ದರೂ ಕಾಗದದಲ್ಲಿ ನಾಲ್ಕೇ ಹೆಸರು. ಉಳಿದ ಐದು ಮಕ್ಕಳ ನೆನಪು ಇರುವುದು ಅಜ್ಜಿಯ ಬಾಯಲ್ಲಿ ಮಾತ್ರ.

ಈ ಕೊರತೆ ಇಲ್ಲದ ನಮೂನೆಯೊಂದನ್ನು ಮಾರ್ಮನ್ ಕುಟುಂಬಗಳು ತಲೆಮಾರುಗಳಿಂದ ಬಳಸುತ್ತಿವೆ. 1830ರಲ್ಲಿ ಅಮೆರಿಕದಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಲ್ಯಾಟರ್ ಡೇ ಸೇಂಟ್ಸ್ ಸಭೆಯವರನ್ನು ಜನ ಮಾರ್ಮನ್ನರು ಎಂದು ಕರೆಯುತ್ತಾರೆ. ಸಂಸಾರದ ಬಂಧ ಸಾವಿನ ಆಚೆಗೂ ಉಳಿಯುತ್ತದೆ, ತೀರಿಹೋದ ಹಿರಿಯರನ್ನೂ ಅವರ ಮಕ್ಕಳನ್ನೂ ದೇವಾಲಯದ ವಿಧಿಯಲ್ಲಿ ಒಂದುಗೂಡಿಸಬಹುದು ಎಂಬುದು ಅವರ ನಂಬಿಕೆ. ಹಾಗೆ ಮಾಡಬೇಕಾದರೆ ಆ ಹಿರಿಯರು ಯಾರು, ಯಾರ ಮಕ್ಕಳು, ಯಾವ ಊರಿನವರು ಎಂಬುದು ಖಚಿತವಾಗಿ ಗೊತ್ತಿರಬೇಕು. ಅದಕ್ಕೆಂದೇ 1894ರಲ್ಲಿ ಯೂಟಾದಲ್ಲಿ ವಂಶಾವಳಿ ಸಂಘ ಕಟ್ಟಿದರು. 1938ರಿಂದ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡತೊಡಗಿದರು. ಸಾಲ್ಟ್ ಲೇಕ್ ಸಿಟಿಯ ಹತ್ತಿರ ಕಲ್ಲುಬೆಟ್ಟದೊಳಗೆ ಕೋಣೆ ಕೊರೆದು ಆ ಸುರುಳಿಗಳನ್ನು ಇಟ್ಟಿದ್ದಾರೆ. 1999ರಲ್ಲಿ ಶುರುವಾದ ಫ್ಯಾಮಿಲಿಸರ್ಚ್ ಜಾಲತಾಣವೂ ಅವರದೇ. ಯಾವ ಧರ್ಮದವರಾದರೂ ದುಡ್ಡು ಕೊಡದೆ ಬಳಸಬಹುದು.

ನಮೂನೆ ಸರಳ. ಒಂದು ಜೋಡಿಗೆ ಒಂದು ಹಾಳೆ. ಎ4 ಅಥವಾ ಫುಲ್‌ಸ್ಕೇಪ್ ಹಾಳೆಯ ಮೇಲ್ಭಾಗದಲ್ಲಿ ಗಂಡ: ಪೂರ್ತಿ ಹೆಸರು, ಹುಟ್ಟಿದ ದಿನ ಮತ್ತು ಊರು, ಮದುವೆಯಾದ ದಿನ ಮತ್ತು ಊರು, ತೀರಿದ ದಿನ ಮತ್ತು ಊರು, ಮಣ್ಣು ಮಾಡಿದ ಅಥವಾ ಸುಟ್ಟ ಜಾಗ, ತಂದೆಯ ಹೆಸರು, ತಾಯಿಯ ಹೆಸರು. ಕೆಳಗೆ ಹೆಂಡತಿಗೂ ಅಷ್ಟೇ ಸಾಲು, ಒಂದೂ ಕಡಿಮೆ ಬೇಡ. ಆಮೇಲೆ ಮಕ್ಕಳು, ಹುಟ್ಟಿದ ಕ್ರಮದಲ್ಲಿ. ಗಂಡುಮಕ್ಕಳನ್ನು ಮೊದಲು ಬರೆದು ಹೆಣ್ಣುಮಕ್ಕಳನ್ನು ಕೊನೆಗೆ ಸೇರಿಸಿದರೆ ಕ್ರಮ ಕೆಡುತ್ತದೆ. ಕ್ರಮ ಕೆಟ್ಟರೆ ಮಧ್ಯೆ ಬಿಟ್ಟುಹೋದ ಮಗು ಎಂದೂ ಕಣ್ಣಿಗೆ ಬೀಳುವುದಿಲ್ಲ. ಪ್ರತಿ ಸಾಲಿನ ಬಲಕ್ಕೆ ಎರಡು ಬೆರಳಗಲ ಜಾಗ ಬಿಟ್ಟು, ಆ ಮಾಹಿತಿ ಎಲ್ಲಿಂದ ಬಂತು ಎಂದು ಬರೆಯಿರಿ: "ಅಜ್ಜಿ ಹೇಳಿದ್ದು", "ಶಾಲೆಯ ಟಿಸಿ", "ಸಮಾಧಿ ಕಲ್ಲು". ಮೊದಲು ಪೆನ್ಸಿಲ್‌ನಲ್ಲಿ ಬರೆದು, ಇಬ್ಬರು ಹಿರಿಯರು ಒಪ್ಪಿದ ಮೇಲೆ ಬಾಲ್‌ಪೆನ್ ಹಿಡಿಯಿರಿ. ಜೆಲ್ ಪೆನ್ ಬೇಡ, ನೀರು ತಾಗಿದರೆ ಕದಡುತ್ತದೆ.

ಅಜ್ಜನಿಗೆ ಇಬ್ಬರು ಹೆಂಡತಿಯರಿದ್ದರೆ ಎರಡು ಹಾಳೆ. ಹಿರೇ ಹೆಂಡತಿಯ ಮಕ್ಕಳು ಅವಳ ಹಾಳೆಯಲ್ಲಿ, ಕಿರೇ ಹೆಂಡತಿಯ ಮಕ್ಕಳು ಇವಳ ಹಾಳೆಯಲ್ಲಿ. ದತ್ತು ಹೋದ ಮಗ ಹೆತ್ತವರ ಹಾಳೆಯಲ್ಲೂ ಸಾಕಿದವರ ಹಾಳೆಯಲ್ಲೂ ಬರಬೇಕು, ಪಕ್ಕದಲ್ಲಿ "ಹೆತ್ತ", "ದತ್ತು" ಎಂದು ಗುರುತು ಹಾಕಿ. ಮಾವನ ಮನೆಯಲ್ಲೇ ನಿಂತ ಮನೆಅಳಿಯನನ್ನು ಮಗನ ಸಾಲಿಗೆ ಸೇರಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಅವನು ಮಗಳ ಗಂಡನಾಗಿಯೇ ಇರಲಿ.

ನಮ್ಮ ಕಡೆ ಎಲ್ಲಕ್ಕಿಂತ ತೊಡಕಾಗುವುದು ಸೋದರಿಕೆ ಮದುವೆ. ಅಕ್ಕನ ಮಗಳನ್ನು ತಮ್ಮ ತಂದುಕೊಂಡರೆ ಒಬ್ಬಳೇ ಹೆಂಗಸು ಅಜ್ಜಿಗೆ ಮೊಮ್ಮಗಳೂ ಹೌದು, ಸೊಸೆಯೂ ಹೌದು. ಹೆಸರನ್ನಷ್ಟೇ ನೆಚ್ಚಿದರೆ ಇಬ್ಬರು ಬೇರೆ ಹೆಂಗಸರೆಂದು ಬರೆದುಬಿಡುತ್ತೀರಿ. ಜೊತೆಗೆ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ವಾಡಿಕೆ. ನಾಯಕನಹಟ್ಟಿಯ ಸುತ್ತ ಒಂದೇ ಮನೆತನದಲ್ಲಿ ಮೂವರು ತಿಪ್ಪೇಸ್ವಾಮಿಗಳು ಸಿಗುವುದು ದೊಡ್ಡದಲ್ಲ. ಇದಕ್ಕಿರುವ ಉಪಾಯ ಒಂದೇ: ಪ್ರತಿ ಮನುಷ್ಯನಿಗೂ ಒಂದು ಸಂಖ್ಯೆ. 14ನೇ ನಂಬರಿನ ಹೆಂಗಸು ಎರಡು ಹಾಳೆಯಲ್ಲಿ ಬಂದರೂ 14ಆಗಿಯೇ ಬರಬೇಕು. ಫ್ಯಾಮಿಲಿಸರ್ಚ್‌ನಲ್ಲೂ ಹೀಗೆಯೇ, ಒಬ್ಬೊಬ್ಬರಿಗೂ ಪ್ರತ್ಯೇಕ ಗುರುತು ಸಂಖ್ಯೆ ಇರುತ್ತದೆ. ಹೆಂಗಸರ ಹೆಸರನ್ನು ತವರಿನ ಹೆಸರಿನಲ್ಲೇ ಬರೆಯಿರಿ. ಗಂಡನ ಮನೆಯಲ್ಲಿ ಕರೆಯುತ್ತಿದ್ದ ಹೆಸರು ಬೇರೆ ಇದ್ದರೆ ಅದನ್ನು ಕೆಳಗೆ ಇತರ ಹೆಸರು ಎಂದು ಸೇರಿಸಿ.

ಇನ್ನು ಕೇಳುವ ಕೆಲಸ. ಹಿರಿಯರ ಹಬ್ಬಕ್ಕೆ, ಅಂದರೆ ಪಿತೃಪಕ್ಷದಲ್ಲಿ ಎಡೆ ಇಡುವ ದಿನಕ್ಕೆ, ಕೊಟ್ಟ ಹೆಣ್ಣುಮಕ್ಕಳೂ ಬಂದಿರುತ್ತಾರೆ, ಸತ್ತವರ ಹೆಸರು ತೆಗೆಯುವುದಕ್ಕೆ ಯಾರಿಗೂ ಮುಜುಗರ ಇರುವುದಿಲ್ಲ. ಊಟ ಮುಗಿದ ಮೇಲೆ ಅಜ್ಜಿಯ ಹತ್ತಿರ ಕೂತು, ಮೊಬೈಲನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಮಡಚಿದ ಟವೆಲ್ ಮೇಲಿಟ್ಟು ರೆಕಾರ್ಡ್ ಮಾಡಿ. ಬರಿ ನೆಲದ ಮೇಲೋ ಸ್ಟೀಲ್ ತಟ್ಟೆಯ ಪಕ್ಕವೋ ಇಟ್ಟರೆ ಸದ್ದೆಲ್ಲ ಅದರೊಳಗೆ ಹೋಗುತ್ತದೆ. ಫ್ಯಾನ್ ಆರಿಸಿ. ಒಂದು ನಿಮಿಷ ರೆಕಾರ್ಡ್ ಮಾಡಿ, ಕೇಳಿ ನೋಡಿ, ಆಮೇಲೆ ಮುಂದುವರಿಸಿ. ನಲವತ್ತು ನಿಮಿಷಕ್ಕೆ ನಿಲ್ಲಿಸುವುದು ಒಳ್ಳೆಯದು, ಆಮೇಲೆ ವಯಸ್ಸಾದವರು ದಣಿದು ಹೂಂ ಹೂಂ ಅನ್ನತೊಡಗುತ್ತಾರೆ.

"ನಿನಗೆ ಎಷ್ಟು ಮಕ್ಕಳು?" ಎಂದು ಕೇಳಬೇಡಿ. ಬದುಕಿರುವವರನ್ನಷ್ಟೇ ಎಣಿಸಿ ಹೇಳುತ್ತಾರೆ. "ಅಜ್ಜಿ, ನಿನ್ನ ಚೊಚ್ಚಲ ಬಾಣಂತನ ಎಲ್ಲಾತು?" ಎಂದು ಶುರುಮಾಡಿ. ಆಮೇಲೆ ಎರಡನೇದು, ಮೂರನೇದು. ಬಾಣಂತನ ಯಾರು ಮಾಡಿದರು, ಯಾವ ಕಾಲ, ಮಳೆಯೋ ಸುಗ್ಗಿಯೋ ಎಂದು ಕೇಳಿದರೆ ಒಂದೊಂದು ಮಗುವೂ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಎರಡು ಮಕ್ಕಳ ನಡುವೆ ನಾಲ್ಕು ವರ್ಷಕ್ಕಿಂತ ಹೆಚ್ಚು ಅಂತರ ಕಂಡರೆ ದನಿ ತಗ್ಗಿಸಿ ಕೇಳಿ: "ಮಧ್ಯೆ ಯಾವುದಾದರೂ ಕೂಸು ಕೈಬಿಟ್ಟು ಹೋಗಿತ್ತಾ?" ಸುತ್ತ ಮಂದಿ ಇದ್ದರೆ ಆ ಮಾತು ಬೇಡ, ಒಬ್ಬರೇ ಇದ್ದಾಗ ಕೇಳಿ. ಕಣ್ಣೀರು ಬಂದರೆ ರೆಕಾರ್ಡಿಂಗ್ ನಿಲ್ಲಿಸಿ.

ಆ ಕೂಸುಗಳಿಗೂ ಒಂದೊಂದು ಪೂರ್ತಿ ಸಾಲು ಬೇಕು. ಉದಾಹರಣೆಗೆ: "3. ಹೆಣ್ಣು. ಹೆಸರಿಟ್ಟಿರಲಿಲ್ಲ. ಹುಟ್ಟಿದ್ದು ಸುಮಾರು 1951, ಶೇಂಗಾ ಕೀಳುವ ಕಾಲ, ತಾಯಿಯ ತವರಿನಲ್ಲಿ. ಹನ್ನೊಂದನೇ ದಿನ ತೀರಿಕೊಂಡಿತು. ಅಜ್ಜಿ ಹೇಳಿದ್ದು." ಹೆಸರಿಲ್ಲದ ಮಗುವಿಗೆ ನೀವೇ ಹೆಸರು ಹುಟ್ಟಿಸಬೇಡಿ, ಆ ಜಾಗ ಖಾಲಿ ಇರಲಿ. ಮಾರ್ಮನ್ ಕುಟುಂಬದವರಿಗೆ ಇಲ್ಲಿ ವಯಸ್ಸೂ ಮುಖ್ಯ: 8 ವರ್ಷ ತುಂಬುವ ಮೊದಲೇ ತೀರಿದ ಮಗುವಿಗೆ ದೀಕ್ಷಾಸ್ನಾನ ಬೇಕಿಲ್ಲ, ತಂದೆತಾಯಿಯ ಜೊತೆ ಬೆಸೆದರೆ ಸಾಕು ಎಂಬುದು ಅವರ ಸಭೆಯ ಕ್ರಮ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ರೂಢಿ. ಆದ್ದರಿಂದ ಹಿರಿಯ ಮಗುವಿನ ಜನನ ದಾಖಲೆಯನ್ನು ಅಜ್ಜನ ಊರಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಅಜ್ಜಿಯ ತವರಿನಲ್ಲಿ ಹುಡುಕಬೇಕು.

ತಾರೀಖಿನ ವಿಷಯಕ್ಕೆ ಬಂದರೆ, ಶಾಲೆಯ ದಾಖಲೆಯಲ್ಲಿ ಜೂನ್ 1, ಆಧಾರ್‌ನಲ್ಲಿ ಜನವರಿ 1 ಎಂದು ಕಂಡರೆ ನಂಬಬೇಡಿ. ಮೊದಲನೆಯದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದದ್ದಿರಬಹುದು, ಎರಡನೆಯದು ವರ್ಷ ಮಾತ್ರ ಗೊತ್ತಿದ್ದವರಿಗೆ ಹಾಕುವ ದಿನ. ಹಿರಿಯರು ಹೇಳುವ ಸಂವತ್ಸರ ಇದಕ್ಕಿಂತ ಗಟ್ಟಿ. ಪಾರ್ಥಿವ ಅಂದರೆ 1945-46, ಸರ್ವಜಿತ್ ಅಂದರೆ 1947-48. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ, ಆದ್ದರಿಂದ ಯಾವ ಸುತ್ತು ಎಂದು ವಯಸ್ಸು ನೋಡಿ ತೀರ್ಮಾನಿಸಿ. ಎಡವುವುದು ಇನ್ನೊಂದು ಕಡೆ. ಸಂವತ್ಸರ ಬದಲಾಗುವುದು ಯುಗಾದಿಗೆ. "ಪಾರ್ಥಿವದಲ್ಲಿ, ಹಟ್ಟಿ ತಿಪ್ಪೇಶನ ತೇರಿನ ಹಿಂದಿನ ವಾರ" ಎಂದರೆ, ನಾಯಕನಹಟ್ಟಿ ತಿಪ್ಪೇಸ್ವಾಮಿಯ ತೇರು ಎಳೆಯುವ ಫಾಲ್ಗುಣ, ಯುಗಾದಿಗೆ ಮೊದಲು. ಹಾಗಾಗಿ ಇಂಗ್ಲಿಷ್ ವರ್ಷ 1946, 1945 ಅಲ್ಲ. ಸಂವತ್ಸರವೂ ನೆನಪಿಲ್ಲದವರಿಗೆ ಘಟನೆ ಹಿಡಿದು ಕೇಳಿ. ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದದ್ದು 1933ರಲ್ಲಿ, ಮತ್ತೆ ಬಿದ್ದದ್ದು 2022ರಲ್ಲೇ. ಹಾಗಾಗಿ ಹಳಬರು "ಕೋಡಿ ಬಿದ್ದ ವರ್ಷ" ಅಂದರೆ ಅನುಮಾನವೇ ಇಲ್ಲ. ಗಾಂಧಿ ಹೋದದ್ದು 1948ರ ಜನವರಿ 30. ಹೇಳಿದ ಮಾತನ್ನು ಹೇಳಿದ ಹಾಗೇ ಬರೆದು, ನೀವು ಲೆಕ್ಕ ಹಾಕಿದ ತಾರೀಖನ್ನು ಪಕ್ಕದಲ್ಲಿ "ಸುಮಾರು" ಎಂದು ಸೇರಿಸಿ. ನಾಳೆ ಯಾರಾದರೂ ತಿದ್ದಬೇಕಾದರೆ ಮೂಲ ಮಾತು ಇರಬೇಕು.

ಊರಿನ ಹೆಸರನ್ನು ಆ ಕಾಲದಲ್ಲಿ ಇದ್ದ ಹಾಗೆ ಬರೆಯುವುದು ಕ್ರಮ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು, ಹೊನ್ನಾಳಿ ಮತ್ತು ಚನ್ನಗಿರಿ ಶಿವಮೊಗ್ಗದಲ್ಲಿ. ಹರಪನಹಳ್ಳಿಯದು ಇನ್ನೂ ಸುತ್ತು: 1953ರವರೆಗೆ ಮದ್ರಾಸಿಗೆ ಸೇರಿದ ಬಳ್ಳಾರಿ, ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, ಈಗ ವಿಜಯನಗರ. ಇದು ಗೊತ್ತಿಲ್ಲದೆ ಹಳೆಯ ದಾಖಲೆ ಹುಡುಕಿದರೆ ತಪ್ಪು ಕಚೇರಿಯ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ದಾಖಲೆಗಳಲ್ಲಿ ಹೆಚ್ಚು ಕೊಡುವುದು ಪೌತಿ ಖಾತೆಯ ಮ್ಯುಟೇಷನ್ ಪ್ರತಿ. ಯಾರು ತೀರಿದರು, ಯಾರ ಹೆಸರಿಗೆ ಖಾತೆ ಹೋಯಿತು ಎಂಬುದು ಅದರಲ್ಲಿದೆ. ಆದರೆ ಅಲ್ಲಿನ ತಾರೀಖು ಖಾತೆ ಬದಲಾದ ದಿನ, ಸತ್ತ ದಿನ ಅಲ್ಲ. ಎಷ್ಟೋ ಸಲ ನಡುವೆ ಹತ್ತು ವರ್ಷ ಕಳೆದಿರುತ್ತದೆ. ಸತ್ತ ದಿನಕ್ಕೆ ಮನೆಯಲ್ಲಿ ವರ್ಷಾವರ್ಷ ಮಾಡುವ ತಿಥಿ, ಹೊಲದಲ್ಲಿರುವ ಸಮಾಧಿಯ ಕಲ್ಲು ಇವನ್ನು ನೋಡಿ. ಕ್ರೈಸ್ತ ಮನೆಗಳಲ್ಲಿ ಚರ್ಚಿನ ದೀಕ್ಷಾಸ್ನಾನದ ಪುಸ್ತಕ, ಮುಸ್ಲಿಂ ಮನೆಗಳಲ್ಲಿ ನಿಕಾಹ್‌ನಾಮಾ ಇರುತ್ತವೆ.

ಹೆಳವರು ಊರಿಗೆ ಬಂದರೆ ಬಿಡಬೇಡಿ. ಮನೆತನದ ಮೂಲ, ಎಲ್ಲಿಂದ ವಲಸೆ ಬಂದರು, ತಲೆಮಾರಿನ ಹೆಸರು ಎಲ್ಲವನ್ನೂ ಹೇಳುವುದು ಅವರ ಕಸುಬು, ಪುಸ್ತಕವನ್ನೂ ಇಟ್ಟಿರುತ್ತಾರೆ. ಕಾಳು, ಬಟ್ಟೆ, ಕಾಣಿಕೆ ಕೊಟ್ಟು, ಅವರ ಒಪ್ಪಿಗೆ ಪಡೆದೇ ರೆಕಾರ್ಡ್ ಮಾಡಿ. ಅವರ ಹೇಳಿಕೆ ಹೆಚ್ಚಾಗಿ ಗಂಡು ಸಂತಾನದ ದಾರಿಯಲ್ಲೇ ಸಾಗುತ್ತದೆ, ಹೆಣ್ಣುಮಕ್ಕಳ ಸಾಲುಗಳನ್ನು ನೀವೇ ತುಂಬಬೇಕು.

ಗೋಡೆಯ ಹಳೆಯ ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಮುಖವೇ ಗಾಜಿನ ಜೊತೆ ಬಂದುಬಿಡುತ್ತದೆ. ಕಿಟಕಿಯ ಪಕ್ಕ ನೆರಳಿನಲ್ಲಿ, ಫ್ಲ್ಯಾಶ್ ಇಲ್ಲದೆ, ಗಾಜಿನ ಹೊಳಪು ಬೀಳದ ಹಾಗೆ ಸ್ವಲ್ಪ ವಾರೆಯಾಗಿ ಹಿಡಿದು ತೆಗೆಯಿರಿ. ಬಿಡಿ ಫೋಟೋಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಹಿಂಬದಿಯನ್ನೂ ಸೇರಿಸಿ. ಸ್ಟುಡಿಯೋದ ಮುದ್ರೆಯಿಂದ ಊರು ತಿಳಿಯುತ್ತದೆ. ಲ್ಯಾಮಿನೇಷನ್ ಖಂಡಿತ ಬೇಡ.

ಫ್ಯಾಮಿಲಿಸರ್ಚ್ ಜಾಲತಾಣಕ್ಕೆ ಏರಿಸುವಾಗ ತೀರಿದವರನ್ನು ಮಾತ್ರ ತೀರಿದವರೆಂದು ಗುರುತಿಸಿ. ಬದುಕಿರುವವರ ವಿವರ ಅಲ್ಲಿ ಬೇರೆಯವರಿಗೆ ಕಾಣುವುದಿಲ್ಲ, ಆದರೆ ಗುರುತು ತಪ್ಪಿದರೆ ಎಲ್ಲರಿಗೂ ಕಾಣುತ್ತದೆ. ಮೊದಲು ಹುಡುಕಿ, ಆಮೇಲೆ ಸೇರಿಸಿ. ದಾಯಾದಿಯೊಬ್ಬರು ಅದೇ ಅಜ್ಜನನ್ನು ಆಗಲೇ ಸೇರಿಸಿದ್ದರೆ ಎರಡೆರಡು ಅಜ್ಜಂದಿರಾಗುತ್ತಾರೆ. ದೇವಾಲಯದ ವಿಧಿಗೆ ಹೆಸರು ಕೊಡುವ ಮಾರ್ಮನ್ ಸಭೆಯ ಸದಸ್ಯರು, ಆ ಹಿರಿಯರು ಕಳೆದ 110 ವರ್ಷದೊಳಗೆ ಹುಟ್ಟಿದವರಾದರೆ ಹತ್ತಿರದ ಜೀವಂತ ಸಂಬಂಧಿಯ ಒಪ್ಪಿಗೆ ಪಡೆಯಬೇಕು ಎಂಬ ನಿಯಮವಿದೆ. ಬೇರೆ ಧರ್ಮದಲ್ಲಿ ಉಳಿದಿರುವ ಚಿಕ್ಕಪ್ಪ, ಅತ್ತೆಯರಿಗೆ ನೋವಾಗದಿರಲು ಇದನ್ನು ಎದುರು ಕೂತೇ ಕೇಳಬೇಕು, ಫೋನಿನಲ್ಲಿ ಅಲ್ಲ.

ಹಾಳೆ ತುಂಬಿದ ಮೇಲೆ ಮೂರು ಜೆರಾಕ್ಸ್ ತೆಗೆಸಿ. ಒಂದು ಮೂಲ ಮನೆಯ ಪತ್ರಗಳ ಪೆಟ್ಟಿಗೆಗೆ, ಒಂದು ನಿಮಗೆ, ಇನ್ನೊಂದು ದೂರದ ಊರಿಗೆ ಕೊಟ್ಟ ಹಿರಿಯ ಮಗಳ ಮನೆಗೆ. ಬಿಟ್ಟುಹೋದ ಸಾಲನ್ನು ತುಂಬಿ ವಾಪಸ್ ಕಳಿಸುವವಳು ಬಹಳ ಸಲ ಅವಳೇ.